ಬ್ಯಾಂಕಿನ ಕೀಲಿಯೂ ಬೆಳಕಿನ ಕಣವೂ

ಗುರ್ಜಿಯ ಉತ್ಸವಕ್ಕೆ ಹೆಸರಾದ ಮಂಗಳೂರಿನ ಮಣ್ಣಗುಡ್ಡದಲ್ಲಿ, ಬ್ಯಾಂಕಿನ ಸೇವೆಯಲ್ಲಿ ಆಯುಷ್ಯದ ಬಹುಭಾಗವನ್ನು ಸವೆಸಿ ಈಗ ವಿಶ್ರಾಂತರಾಗಿರುವ ಹಿರಿಯರು ಒಬ್ಬರಾದರೂ ಇಲ್ಲದ ಓಣಿಯನ್ನು ಹುಡುಕುವುದು ಸುಲಭವಲ್ಲ. ಇದರಲ್ಲಿ ಆಶ್ಚರ್ಯಪಡತಕ್ಕದ್ದೂ ಇಲ್ಲ. ಒಂದು ಕಡೆ ಘಟ್ಟವೂ ಇನ್ನೊಂದು ಕಡೆ ಕಡಲೂ ಒತ್ತಿ ಹಿಡಿದಿರುವ ಆಗ ಉಡುಪಿಯನ್ನೂ ಒಳಗೊಂಡಿದ್ದ ಈ ಕಿರಿದಾದ ಜಿಲ್ಲೆಯಲ್ಲಿ, ಮುಂದೆ ಅಖಿಲ ಭಾರತ ವ್ಯಾಪ್ತಿಗೆ ಬೆಳೆದ ಐದು ಬ್ಯಾಂಕುಗಳು ಕೇವಲ 25 ವರ್ಷಗಳ ಅವಧಿಯೊಳಗೆ ಜನ್ಮ ತಾಳಿದುವು. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ನೇತೃತ್ವದಲ್ಲಿ ಹುಟ್ಟಿ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎನಿಸಿದ ಸಂಸ್ಥೆ, ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಸ್ಥಾಪಿಸಿದ, ಮುಂದೆ ಕೆನರಾ ಬ್ಯಾಂಕ್ ಎನಿಸಿದ ಕೆನರಾ ಹಿಂದೂ ಪರ್ಮನೆಂಟ್ ಫಂಡ್, 1924ರ ಕರ್ಣಾಟಕ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲಿ ಆರಂಭವಾಗಿ ಕಾಲಾಂತರದಲ್ಲಿ ಸಿಂಡಿಕೇಟ್ ಬ್ಯಾಂಕ್ ಎಂದು ಪ್ರಸಿದ್ಧವಾದ ಸಂಸ್ಥೆ, 1931ರಲ್ಲಿ ಎ. ಬಿ. ಶೆಟ್ಟರ ಮುಂದಾಳುತನದಲ್ಲಿ ಮಂಗಳೂರಿನಲ್ಲಿ ಉದಯಿಸಿದ ವಿಜಯಾ ಬ್ಯಾಂಕ್ – ಇವುಗಳ ಚರಿತ್ರೆಯನ್ನು ಬಲ್ಲವರು ಅನೇಕರು ಬರೆದಿದ್ದಾರೆ. ಬಂಡವಾಳ ಹೇಗೆ ಕೂಡಿತು, ಶಾಖೆಗಳು ಹೇಗೆ ಹಬ್ಬಿದುವು, 1969ರಲ್ಲಿಯೂ 1980ರಲ್ಲಿಯೂ ರಾಷ್ಟ್ರೀಕರಣ ಹೇಗೆ ಆಯಿತು ಎಂಬುದೆಲ್ಲ ಆ ಬರಹಗಳಲ್ಲಿ ಸಿಗುತ್ತದೆ. ಈ ಲೇಖನದ ವಿಷಯವಾದರೋ ಅವುಗಳ ಬೆನ್ನಿಗೆ ಸದಾ ಅಂಟಿಕೊಂಡಿದ್ದ ಇನ್ನೊಂದು ಚಿಂತೆ: ಒಂದು ಊರಿನ ಶಾಖೆಯು ದೂರದ ಇನ್ನೊಂದು ಊರಿನ ಶಾಖೆಗೆ ಕಳುಹಿದ ಮಾತು ನಿಜವಾಗಿಯೂ ಅದರದೇ ಮಾತೆಂದು, ನಡುದಾರಿಯಲ್ಲಿ ಅದನ್ನು ಅನ್ಯರು ಓದಲಿಲ್ಲವೆಂದು, ತಿದ್ದಲಿಲ್ಲವೆಂದು ನಂಬುವುದು ಹೇಗೆ?

ಅಡಕೆ, ಹೆಂಚು, ಗೋಡಂಬಿ, ಕಾಫಿಗಳ ವ್ಯಾಪಾರ ನಡೆಯುತ್ತಿದ್ದ ಕರಾವಳಿಯ ಪೇಟೆಗಳಲ್ಲಿ ಹಣವನ್ನು ಹೊರಊರಿಗೆ ತ್ವರೆಯಿಂದ ಸೇರಿಸಬೇಕಾದರೆ ಇದ್ದ ಉಪಾಯವೆಂದರೆ ತಂತಿಯ ಮೂಲಕ ರವಾನೆ. ಬ್ಯಾಂಕಿನವರ ಬಾಯಲ್ಲಿ ಅದು ‘ಟಿ.ಟಿ.’. ಇಂತಿಂಥವರಿಗೆ ಇಂತಿಷ್ಟು ರೂಪಾಯಿ ಕೊಡಿರಿ ಎಂಬ ಆಜ್ಞೆ ತಂತಿ ಕಚೇರಿಯ ಗುಮಾಸ್ತರ ಕಣ್ಣ ಮುಂದೆಯೇ ಹಾದುಹೋಗಬೇಕಾದುದರಿಂದ, ಅದನ್ನು ಪಡೆದ ಶಾಖೆಯ ಮ್ಯಾನೇಜರನು ಅಕ್ಷರಗಳನ್ನಷ್ಟೇ ನಂಬಿ ಹಣ ಎಣಿಸುವಂತಿರಲಿಲ್ಲ. ಆದುದರಿಂದ ಮೊತ್ತ, ತಾರೀಖು, ಶಾಖೆ ಇವುಗಳಿಗೆ ಗೊತ್ತುಪಡಿಸಿದ ಗುಪ್ತ ಸಂಖ್ಯೆಗಳನ್ನು ಒಂದು ಪುಸ್ತಕದಲ್ಲಿ ಮುದ್ರಿಸಿ, ಎರಡು ಕಡೆಗಳಲ್ಲಿಯೂ ಅದರ ಪ್ರತಿಯೊಂದನ್ನು ತಿಜೋರಿಯೊಳಗೆ ಇರಿಸುತ್ತಿದ್ದರು. ಕಳುಹುವ ಅಧಿಕಾರಿ ಆ ಸಂಖ್ಯೆಗಳಿಂದ ಒಂದು ಮೊತ್ತವನ್ನು ಲೆಕ್ಕಹಾಕಿ ತಂತಿಯ ಕೊನೆಗೆ ಸೇರಿಸುವನು. ಪಡೆದ ಅಧಿಕಾರಿ ತನ್ನ ಪ್ರತಿಯನ್ನು ತೆರೆದು ಅದೇ ಲೆಕ್ಕವನ್ನು ಮಾಡುವನು. ಎರಡೂ ಕೂಡಿದರೆ ಹಣ, ಕೂಡದಿದ್ದರೆ ವಿಚಾರಣೆ. ತಂತಿಯನ್ನು ಯಾರು ಓದಿದರೂ ಚಿಂತೆಯಿಲ್ಲ, ಪುಸ್ತಕವನ್ನು ಮಾತ್ರ ಯಾರೂ ಓದಬಾರದು. ಆ ಪುಸ್ತಕ ಒಂದು ಶಾಖೆಯಿಂದ ಇನ್ನೊಂದಕ್ಕೆ ಹೋಗುವುದಾದರೂ ಹೇಗೆ? ಅರಗಿನ ಮುದ್ರೆಯೊತ್ತಿದ ಲಕೋಟೆಯಲ್ಲಿ, ನಂಬಿಕೆಯ ಮನುಷ್ಯನ ಕೈಯಲ್ಲಿ. ಸಾವಿರಾರು ಮೈಲಿಗಳ ತಂತಿಜಾಲದ ಪ್ರಾಮಾಣ್ಯವೆಲ್ಲವೂ ಕೊನೆಗೆ ಒಂದು ಅರಗಿನ ತುಂಡಿಗೂ ಒಬ್ಬ ನೌಕರನ ಶೀಲಕ್ಕೂ ಬಂದು ನಿಲ್ಲುತ್ತಿತ್ತು.

ಗುಟ್ಟಿನ ಬರಹ ನಮ್ಮಲ್ಲಿ ಹೊಸದೇನೂ ಅಲ್ಲ. ವಾತ್ಸ್ಯಾಯನನು ಎಣಿಸಿದ 64 ಕಲೆಗಳಲ್ಲಿ ಮ್ಲೇಚ್ಛಿತ ವಿಕಲ್ಪವೆಂಬ ಗೂಢಲೇಖನವೂ ಒಂದು. ಆದರೆ ಗೂಢಲಿಪಿಯ ದೀರ್ಘ ಇತಿಹಾಸವನ್ನು ಅವಲೋಕಿಸಿದಾಗ, ಲಿಪಿಯನ್ನು ಕಲ್ಪಿಸುವ ಜಾಣ್ಮೆ ಎಷ್ಟು ಬೆಳೆದರೂ ಅದರ ಕೀಲಿಯನ್ನು ಹಂಚುವ ಕಷ್ಟ ಮಾತ್ರ ಎಂದಿನಂತೆಯೇ ಉಳಿದಿತ್ತೆಂಬುದು ವ್ಯಕ್ತವಾಗುತ್ತದೆ. 1917ರ ಸುಮಾರಿಗೆ ಅಮೆರಿಕದ ಗಿಲ್ಬರ್ಟ್ ವೆರ್ನಮ್ ಎಂಬ ಎಂಜಿನಿಯರನು ಸಂದೇಶದಷ್ಟೇ ಉದ್ದವಾದ, ಯಾದೃಚ್ಛಿಕವಾದ, ಒಂದೇ ಸಲ ಬಳಸಿ ಬಿಸುಡಬೇಕಾದ ಕೀಲಿಯೊಂದನ್ನು ಸಂದೇಶಕ್ಕೆ ಕೂಡಿಸುವ ಪದ್ಧತಿಗೆ ದಾರಿ ತೆಗೆದನು. ಇಂಥ ಲಿಪಿಯನ್ನು ಎಷ್ಟೇ ಬುದ್ಧಿಶಾಲಿಯಾದ ಶತ್ರುವೂ ಎಷ್ಟೇ ಕಾಲ ಕುಳಿತರೂ ಬಿಡಿಸಲಾರನೆಂದು ಕ್ಲಾಡ್ ಶಾನನ್ 1949ರಲ್ಲಿ ಗಣಿತದಿಂದಲೇ ಸಿದ್ಧಪಡಿಸಿದನು. ಪರಿಪೂರ್ಣವಾದ ಬೀಗ ಹೀಗೆ ದೊರೆತರೂ, ಪ್ರತಿಯೊಂದು ಸಂದೇಶಕ್ಕೂ ಅಷ್ಟೇ ಉದ್ದದ ಹೊಸ ಕೀಲಿಯನ್ನು ಮೊದಲೇ ಗುಟ್ಟಾಗಿ ಮುಟ್ಟಿಸಿರಬೇಕೆಂಬ ನಿಬಂಧನೆಯಿಂದಾಗಿ ಅದು ರಾಯಭಾರ ಕಚೇರಿಗಳಿಗೆ ಒದಗಿತೇ ಹೊರತು ಬ್ಯಾಂಕಿನ ಕೌಂಟರಿಗೆ ಒದಗಲಿಲ್ಲ. 1976ರಲ್ಲಿ ಡಿಫಿ ಮತ್ತು ಹೆಲ್ಮನ್, ಮರುವರ್ಷ ರಿವೆಸ್ಟ್, ಶಮೀರ್, ಆಡ್ಲ್‌ಮನ್ ಎಂಬ ಮೂವರು ಈ ತೊಡಕಿಗೆ ಗಣಿತದ ಪರಿಹಾರವನ್ನು ತಂದರು. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಸುಲಭ, ಗುಣಲಬ್ಧದಿಂದ ಅವನ್ನು ಮತ್ತೆ ಬೇರ್ಪಡಿಸುವುದು ಮಹಾಕಷ್ಟ. ಆ ಕಷ್ಟವನ್ನೇ ಗೋಡೆಯನ್ನಾಗಿ ಕಟ್ಟಿ, ಕೀಲಿಯ ಒಂದು ಭಾಗವನ್ನು ಬಹಿರಂಗವಾಗಿಯೇ ಹಂಚಬಹುದೆಂದು ಅವರು ತೋರಿಸಿದರು. ಇಂದು ಮಣ್ಣಗುಡ್ಡದ ಅಂಗಡಿಯಲ್ಲಿ ತರಕಾರಿಗೆ ಮೊಬೈಲಿನಿಂದ ಹಣ ಕೊಡುವವರಿಗೂ ಈ ಬಗೆಯ ಗೋಡೆಯೇ ಆಸರೆ. ಆದರೆ ಆ ಕಷ್ಟ ಎಂದೆಂದಿಗೂ ಕಷ್ಟವಾಗಿಯೇ ಉಳಿಯುವುದೆಂದು ಯಾರೂ ಸಾಧಿಸಿಲ್ಲ. ಅರಗಿನ ಮುದ್ರೆಯ ಬದಲಿಗೆ ಗಣಿತಜ್ಞರ ಅಸಾಮರ್ಥ್ಯದ ಮೇಲೆ ನಂಬಿಕೆಯಿಟ್ಟಂತಾಯಿತು.

ಹೀಗಿರುವಲ್ಲಿ ಪ್ರಕೃತಿಯ ನಿಯಮವನ್ನೇ ಕಾವಲಿಗೆ ನಿಲ್ಲಿಸಬಹುದೆಂಬ ವಿಚಾರವೊಂದು 1984ರಲ್ಲಿ ಪೂರ್ಣರೂಪವನ್ನು ತಾಳಿ ಜಗತ್ತಿನೆದುರು ಬಂದುದು ನ್ಯೂಯಾರ್ಕಿನಲ್ಲಿಯೂ ಅಲ್ಲ, ಕೇಂಬ್ರಿಜ್ಜಿನಲ್ಲಿಯೂ ಅಲ್ಲ, ನಮ್ಮ ಬೆಂಗಳೂರಿನಲ್ಲಿ. ಆ ಸಂಗತಿಯನ್ನು ಹೇಳುವ ಮುನ್ನ, ಅದು ಯಾವ ವಿದ್ಯೆಯ ಮೇಲೆ ನಿಂತಿತೋ ಆ ವಿದ್ಯೆಗೂ ಬೆಂಗಳೂರಿಗೂ ಇದ್ದ ಹಳೆಯ ನಂಟನ್ನು ಸ್ವಲ್ಪ ನೆನೆಯುವುದು ಯುಕ್ತ.

1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ತಾವು ಕಂಡುಕೊಂಡ ಹೊಸ ಬಗೆಯ ವಿಕಿರಣವನ್ನು ಸರ್ ಸಿ. ವಿ. ರಾಮನ್ ಅವರು ವಿಸ್ತಾರವಾದ ಉಪನ್ಯಾಸದ ಮೂಲಕ ವಿದ್ವಾಂಸರ ಮುಂದಿಟ್ಟುದು ಅದೇ ವರ್ಷದ ಮಾರ್ಚ್ 16ರಂದು, ಬೆಂಗಳೂರಿನಲ್ಲಿ ಸೇರಿದ ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ. ಬೆಳಕು ದ್ರವದ ಅಣುವಿಗೆ ಬಡಿದು, ತನ್ನ ಶಕ್ತಿಯ ಒಂದು ಗೊತ್ತಾದ ಪಾಲನ್ನು ಅದಕ್ಕೆ ಕೊಟ್ಟು, ಬಣ್ಣ ಬದಲಾಯಿಸಿಕೊಂಡು ಹೊರಬರುತ್ತದೆಂಬ ಆ ಶೋಧವು, ಶಕ್ತಿಯ ವಿನಿಮಯ ಬಿಡಿಬಿಡಿಯಾದ ಕಂತುಗಳಲ್ಲಿ ನಡೆಯುತ್ತದೆಂಬ ಕ್ವಾಂಟಂ ಸಿದ್ಧಾಂತಕ್ಕೆ ಪ್ರಬಲವಾದ ಸಾಕ್ಷ್ಯವಾಗಿ ಒದಗಿತು. ಮುಂದೆ 1931ರ ಹೊತ್ತಿಗೆ ರಾಮನ್ ಮತ್ತು ಅವರ ಶಿಷ್ಯ ಭಗವಂತಂ ಬೆಳಕಿನ ಕಣವಾದ ಫೋಟಾನಿಗೆ ಸ್ವಂತದ ಗಿರಕಿಯೊಂದು ಉಂಟೆಂಬುದಕ್ಕೆ ಪ್ರಾಯೋಗಿಕ ಪ್ರಮಾಣವನ್ನು ಒದಗಿಸಿದರು. ಬೆಳಕಿನ ಧ್ರುವೀಕರಣವೆಂಬ ಗುಣವು ಆ ಗಿರಕಿಯೊಡನೆ ಹೆಣೆದುಕೊಂಡಿದೆ. 1933ರಲ್ಲಿ ರಾಮನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದರು. ಹಿಟ್ಲರನ ಆಳ್ವಿಕೆಯಲ್ಲಿ ಹುದ್ದೆ ಕಳೆದುಕೊಂಡಿದ್ದ ಮ್ಯಾಕ್ಸ್ ಬಾರ್ನ್ ಅವರನ್ನು 1935ರಲ್ಲಿ ಇಲ್ಲಿಗೆ ಬರಮಾಡಿಕೊಂಡವರೂ ಅವರೇ. ಕಣವೊಂದರ ಅಳತೆಯ ಫಲವನ್ನು ನಿಶ್ಚಯವಾಗಿ ನುಡಿಯಲಾಗದು, ಸಂಭವವನ್ನಷ್ಟೇ ನುಡಿಯಬಹುದು ಎಂದು 1926ರಲ್ಲಿ ಸಾರಿ ಭೌತವಿಜ್ಞಾನದ ತಳಹದಿಯನ್ನೇ ಕದಲಿಸಿದ್ದ ಆ ಮಹನೀಯರು ಸುಮಾರು ಆರು ತಿಂಗಳ ಕಾಲ ಬೆಂಗಳೂರಿನಲ್ಲಿದ್ದು ಪಾಠ ಹೇಳಿದರು. ಅವರಿಗೊಂದು ಸ್ಥಿರವಾದ ಪೀಠವನ್ನು ಕಲ್ಪಿಸುವ ರಾಮನ್ನರ ಯತ್ನವು ಸಂಸ್ಥೆಯೊಳಗಿನ ವಿರೋಧದಿಂದ ವಿಫಲವಾಗಿ, 1936ರಲ್ಲಿ ಬಾರ್ನ್ ಎಡಿನ್‌ಬರೋ ವಿಶ್ವವಿದ್ಯಾಲಯವನ್ನು ಸೇರಿದರು.

ಇನ್ನೊಂದು ಹೆಸರನ್ನು ಇಲ್ಲಿ ಬಿಡುವಂತಿಲ್ಲ. 1956ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ, ರಾಮನ್ನರ ಸೋದರಳಿಯರೂ ಆಗಿದ್ದ ಎಸ್. ಪಂಚರತ್ನಂ ಎಂಬ 22 ವರ್ಷದ ತರುಣರು, ಧ್ರುವೀಕೃತವಾದ ಬೆಳಕು ಒಂದು ಸ್ಥಿತಿಯಿಂದ ಹೊರಟು ಬೇರೆ ಬೇರೆ ಸ್ಥಿತಿಗಳನ್ನು ಸುತ್ತಿ ಮೊದಲಿನ ಸ್ಥಿತಿಗೆ ಮರಳಿದಾಗ, ತಾನು ಸುತ್ತಿದ ದಾರಿಯ ಗುರುತನ್ನು ತನ್ನ ಅಲೆಯ ಹಂತದಲ್ಲಿ ಉಳಿಸಿಕೊಳ್ಳುತ್ತದೆಂದು ತೋರಿಸಿದರು. ಇಂಗ್ಲೆಂಡಿನ ಮೈಕೆಲ್ ಬೆರ್ರಿ ಇದಕ್ಕೆ ಸಮಾನವಾದ ತತ್ತ್ವವನ್ನು ಕ್ವಾಂಟಂ ಸಿದ್ಧಾಂತದಲ್ಲಿ ವ್ಯಾಪಕವಾಗಿ ಮಂಡಿಸಿದುದು 1984ರಲ್ಲಿ. ಬಳಿಕ 1986ರಲ್ಲಿ ಬೆಂಗಳೂರಿನ ಎಸ್. ರಾಮಶೇಷನ್ ಮತ್ತು ರಾಜಾರಾಂ ನಿತ್ಯಾನಂದ ಅವರು ಹಳೆಯ ಪ್ರಬಂಧವನ್ನು ಬೆಳಕಿಗೆ ತಂದು, 1969ರಲ್ಲಿಯೇ ಅಕಾಲ ಮರಣಕ್ಕೆ ತುತ್ತಾಗಿದ್ದ ಪಂಚರತ್ನಂ ಅವರ ಪ್ರಥಮತ್ವವನ್ನು ಲೋಕಕ್ಕೆ ನೆನಪಿಸಿದರು. ಅದೇ 1984ರ ಡಿಸೆಂಬರಿನಲ್ಲಿ, ಧ್ರುವೀಕರಣದ ಅಧ್ಯಯನಕ್ಕೆ ಇಷ್ಟೊಂದು ಸತ್ತ್ವವನ್ನೆರೆದಿದ್ದ ಈ ನಗರಕ್ಕೆ, ಬೇರೆಯೇ ದಾರಿಯಿಂದ, ಧ್ರುವೀಕರಣವನ್ನೇ ಆಧಾರವಾಗುಳ್ಳ ಇನ್ನೊಂದು ಪ್ರಬಂಧ ಬಂದು ತಲಪಿತು.

ಆ ಪ್ರಬಂಧದ ಪೂರ್ವಕಥೆ ಬ್ಯಾಂಕಿನ ನೋಟಿನಿಂದಲೇ ಆರಂಭವಾಗುತ್ತದೆ. 1960ರ ದಶಕದ ಕೊನೆಯಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದ ಸ್ಟೀಫನ್ ವೀಸ್ನರ್ ಎಂಬ ಯುವಕನು, ನೋಟಿನ ಕ್ರಮಾಂಕದ ಜೊತೆಗೆ ಕೆಲವು ಫೋಟಾನುಗಳನ್ನು ಗುಪ್ತವಾದ ಧ್ರುವೀಕರಣಗಳಲ್ಲಿ ಸೆರೆಯಿರಿಸಿದರೆ, ಆ ಗುಟ್ಟನ್ನರಿತ ಬ್ಯಾಂಕು ನೋಟನ್ನು ಪರೀಕ್ಷಿಸಬಲ್ಲುದು, ಖೋಟಾ ತಯಾರಿಸುವವನಾದರೋ ಎಂದಿಗೂ ಅದರ ನಕಲು ಮಾಡಲಾರನೆಂದು ಬರೆದನು. ಪತ್ರಿಕೆ ಆ ಲೇಖನವನ್ನು ತಿರಸ್ಕರಿಸಿತು. ಅದು ಅಚ್ಚಾದುದು 1983ರಲ್ಲಿ. ಆದರೆ ವೀಸ್ನರನ ಮಿತ್ರನಾಗಿದ್ದ ಚಾರ್ಲ್ಸ್ ಬೆನೆಟ್ ಅದನ್ನು ಮರೆಯಲಿಲ್ಲ. 1979ರ ಅಕ್ಟೋಬರಿನಲ್ಲಿ ಪೋರ್ಟೊ ರಿಕೊದ ಸಾನ್ ಹ್ವಾನ್ ನಗರದಲ್ಲಿ ಗಣಕ ವಿಜ್ಞಾನಿಗಳ ಸಮ್ಮೇಳನವೊಂದು ನಡೆದಾಗ, ಸಮುದ್ರದಲ್ಲಿ ಈಜುತ್ತಿದ್ದ ಜೀಲ್ ಬ್ರಸ್ಸಾರ್ ಎಂಬ ಕೆನಡದ ತರುಣ ವಿದ್ವಾಂಸನ ಬಳಿಗೆ ಬೆನೆಟ್ ಈಜಿಕೊಂಡೇ ಹೋಗಿ, ಪರಿಚಯವಿಲ್ಲದಿದ್ದರೂ ಲೆಕ್ಕಿಸದೆ, ನಕಲಿಸಲಾಗದ ನೋಟಿನ ಮಾತನ್ನೆತ್ತಿದನಂತೆ. ಇಬ್ಬರೂ ಅಂದಿನಿಂದ ಜೊತೆಗೂಡಿದರು. ಫೋಟಾನುಗಳನ್ನು ನೋಟಿನಲ್ಲಿ ಸೆರೆಹಿಡಿದಿಡುವುದು ಹೇಗೆಂಬ ದುಸ್ಸಾಧ್ಯವಾದ ಪ್ರಶ್ನೆಯೊಡನೆ ಕೆಲಕಾಲ ಹೆಣಗಿ, ಕೊನೆಗೆ ಬೆಳಕಿನ ಸ್ವಭಾವವು ನಿಲ್ಲುವುದಲ್ಲ, ಚಲಿಸುವುದು ಎಂಬ ಸರಳವಾದ ಅರಿವು ಅವರಿಗಾಯಿತು. ಹಣವನ್ನು ಕಾಯ್ದಿಡುವ ಬದಲು ಸಂದೇಶವನ್ನು ಒಯ್ಯುವುದಕ್ಕೆ ಅದನ್ನು ಹಚ್ಚಬೇಕು.

ವಿಚಾರ ಹೊಳೆದರೂ ಅದಕ್ಕೆ ವೇದಿಕೆ ಸುಲಭವಾಗಿ ದೊರೆಯಲಿಲ್ಲ. ಗಣಕ ವಿಜ್ಞಾನಿಗಳಿಗೆ ಅದರಲ್ಲಿ ಭೌತಶಾಸ್ತ್ರ ಹೆಚ್ಚೆನಿಸಿತು, ಭೌತಶಾಸ್ತ್ರಜ್ಞರಿಗೆ ಗೂಢಲಿಪಿಯ ಗೊಡವೆಯಿರಲಿಲ್ಲ. ಆಗ ಕೆನಡದಲ್ಲಿ ನೆಲೆಸಿದ್ದ ಭಾರತೀಯ ಮೂಲದ ಎಂಜಿನಿಯರ್ ವಿಜಯ್ ಭಾರ್ಗವ ಅವರು, ಬೆಂಗಳೂರಿನಲ್ಲಿ ನಡೆಯಲಿದ್ದ ಗಣಕ, ವ್ಯವಸ್ಥೆ ಮತ್ತು ಸಂಕೇತ ಸಂಸ್ಕರಣವನ್ನು ಕುರಿತ ಅಂತಾರಾಷ್ಟ್ರೀಯ ಸಮ್ಮೇಳನಕ್ಕೆ ಬ್ರಸ್ಸಾರನನ್ನು ಆಹ್ವಾನಿಸಿ, ವಿಷಯದ ಆಯ್ಕೆಯನ್ನು ಅವನಿಗೇ ಬಿಟ್ಟರು. ಹಾಗೆ 1984ರ ಡಿಸೆಂಬರಿನ ಆ ಸಮ್ಮೇಳನದ ನಡಾವಳಿ ಗ್ರಂಥದಲ್ಲಿ 175ರಿಂದ 179ರವರೆಗಿನ ಐದೇ ಪುಟಗಳಲ್ಲಿ, ಕೀಲಿಯ ಬಹಿರಂಗ ಹಂಚಿಕೆಯನ್ನೂ ದೂರದಲ್ಲಿರುವ ಇಬ್ಬರು ಮೋಸವಿಲ್ಲದೆ ನಾಣ್ಯ ಚಿಮ್ಮುವ ವಿಧಾನವನ್ನೂ ನಿರೂಪಿಸುವ ಕ್ವಾಂಟಂ ಗೂಢಲಿಪಿಯ ಪ್ರಬಂಧ ಅಚ್ಚಾಯಿತು. ಕರ್ತೃಗಳ ಹೆಸರಿನ ಮೊದಲಕ್ಷರಗಳೂ ಆ ವರ್ಷವೂ ಸೇರಿ ಆ ವಿಧಾನಕ್ಕೆ ‘ಬಿಬಿ84’ ಎಂಬ ಹೆಸರು ನಿಂತಿತು. ಇಂದು ಜಗತ್ತಿನ ಯಾವ ಮೂಲೆಯಲ್ಲಿ ಈ ಶಾಸ್ತ್ರದ ಮೇಲೆ ಗ್ರಂಥ ಬರೆದರೂ ಅದರ ಆಕರಗಳ ಪಟ್ಟಿಯಲ್ಲಿ ಬೆಂಗಳೂರಿನ ಹೆಸರು ಬಾರದಿರುವುದಿಲ್ಲ.

ಆ ಐದು ಪುಟಗಳ ಸಾರವನ್ನು ಮಂಗಳೂರಿನ ಒಂದು ಶಾಖೆ, ಬೆಂಗಳೂರಿನ ಒಂದು ಶಾಖೆ ಎಂದು ಕಲ್ಪಿಸಿಕೊಂಡು ವಿವರಿಸಬಹುದು. ಬೆಳಕಿನ ಕಂಪನಕ್ಕೆ ದಿಕ್ಕೊಂದು ಉಂಟು. ಅದು ನೆಟ್ಟಗಿರಬಹುದು, ಅಡ್ಡಲಾಗಿರಬಹುದು, ಅಥವಾ ಎಡಕ್ಕೋ ಬಲಕ್ಕೋ ಓರೆಯಾಗಿರಬಹುದು. ನಮ್ಮ ಹಳೆಯ ಮನೆಗಳ ಚಾವಡಿಯ ದಳಿಯ ಸಂದಿನಲ್ಲಿ ನೆಟ್ಟಗೆ ಹಿಡಿದ ಕೋಲು ತೂರಿಹೋಗುತ್ತದೆ, ಅಡ್ಡ ಹಿಡಿದದ್ದು ಹೋಗುವುದಿಲ್ಲ; ಧ್ರುವಕವೆಂಬ ಶೋಧಕದ ಮುಂದೆ ಬೆಳಕಿನ ಕಣದ ಪಾಡೂ ಅಷ್ಟೇ. ಓರೆಯಾದ ಕಣ ಬಂದಾಗ ಮಾತ್ರ ಹೋಲಿಕೆ ಮುರಿದುಬೀಳುತ್ತದೆ. ಆ ಕಣ ಅರ್ಧವಾಗಿ ಸೀಳುವುದಿಲ್ಲ. ಸರಿಪಾಲು ಸಂಭವದಲ್ಲಿ ಒಂದೋ ಪೂರ್ತಿಯಾಗಿ ಹಾಯುತ್ತದೆ, ಒಂದೋ ಪೂರ್ತಿಯಾಗಿ ನಿಲ್ಲುತ್ತದೆ. ಹಾಯ್ದರೆ ತನ್ನ ಓರೆತನವನ್ನು ಮರೆತು ನೆಟ್ಟಗಾಗಿಯೇ ಹೊರಬರುತ್ತದೆ. ಬಾರ್ನ್ ಹೇಳಿದ ಸಂಭವ ಇಲ್ಲಿ ಕಣ್ಣಿಗೆ ಕಾಣುವಂತಿದೆ. ಪರೀಕ್ಷೆ ಮಾಡಿದುದರಿಂದಲೇ ಹಿಂದಿನ ಸ್ಥಿತಿ ಅಳಿಸಿಹೋಯಿತು. ಅದು ಮೊದಲು ಹೇಗಿತ್ತೆಂದು ಕೇಳಲು ಎರಡನೆಯ ಅವಕಾಶವಿಲ್ಲ.

ಮಂಗಳೂರಿನ ಶಾಖೆಯು ಒಂದಾದ ಮೇಲೊಂದರಂತೆ ಫೋಟಾನುಗಳನ್ನು ಕಳುಹುತ್ತದೆ. ಪ್ರತಿಯೊಂದಕ್ಕೂ ಸೊನ್ನೆಯೋ ಒಂದೋ ಎಂಬುದನ್ನೂ, ಅದನ್ನು ನೆಟ್ಟ-ಅಡ್ಡ ಜೋಡಿಯಲ್ಲಿ ಬರೆಯುವುದೋ ಓರೆ ಜೋಡಿಯಲ್ಲಿ ಬರೆಯುವುದೋ ಎಂಬುದನ್ನೂ ಯದೃಚ್ಛೆಗೆ ಬಿಡುತ್ತದೆ. ಬೆಂಗಳೂರಿನ ಶಾಖೆಗೆ ಆ ಆಯ್ಕೆ ತಿಳಿಯದು. ಅದೂ ಯದೃಚ್ಛೆಯಾಗಿ ಒಂದು ಜೋಡಿಯನ್ನು ಹಿಡಿದು ಪ್ರತಿ ಕಣವನ್ನು ಅಳೆಯುತ್ತದೆ. ಎಲ್ಲ ಮುಗಿದ ಮೇಲೆ ಇಬ್ಬರೂ ಸಾಮಾನ್ಯ ದೂರವಾಣಿಯಲ್ಲಿ, ಯಾರು ಕೇಳಿದರೂ ಕೇಳಲೆಂದು, ತಾವು ಬಳಸಿದ ಜೋಡಿ ಯಾವುದೆಂಬುದನ್ನಷ್ಟೇ ಒಪ್ಪಿಸಿಕೊಳ್ಳುತ್ತಾರೆ. ಸೊನ್ನೆ-ಒಂದುಗಳನ್ನು ಮಾತ್ರ ಹೇಳುವುದಿಲ್ಲ. ಜೋಡಿ ಕೂಡಿದಲ್ಲಿ, ಎಂದರೆ ಸರಿಸುಮಾರು ಅರ್ಧದಷ್ಟು ಕಣಗಳಲ್ಲಿ, ಇಬ್ಬರ ಕೈಯಲ್ಲಿಯೂ ಒಂದೇ ಅಂಕೆಯಿರುತ್ತದೆ, ಉಳಿದವನ್ನು ಬಿಸುಡುತ್ತಾರೆ. ನಡುದಾರಿಯಲ್ಲಿ, ಸಕಲೇಶಪುರದ ಕಾಡಿನಲ್ಲೆಲ್ಲೋ, ಕಳ್ಳನೊಬ್ಬ ಪ್ರತಿ ಕಣವನ್ನೂ ಹಿಡಿದು ಅಳೆದು ಮುಂದಕ್ಕೆ ಬಿಡುತ್ತಿದ್ದನೆನ್ನೋಣ. ಅವನಿಗೂ ಜೋಡಿ ತಿಳಿಯದಾದುದರಿಂದ ಅರ್ಧದಷ್ಟು ಸಲ ತಪ್ಪು ಜೋಡಿಯನ್ನು ಹಿಡಿಯುವನು. ಹಾಗೆ ಕೆಡಿಸಿದ ಕಣಗಳಲ್ಲಿ ಅರ್ಧ ಬೆಂಗಳೂರಿನಲ್ಲಿ ತಪ್ಪು ಅಂಕೆಯನ್ನು ತೋರುವುವು. ಅಂದರೆ ಉಳಿಸಿಕೊಂಡ ಅಂಕೆಗಳಲ್ಲಿ ನೂರಕ್ಕೆ 25ರಷ್ಟು ವ್ಯತ್ಯಾಸ. ಶಾಖೆಗಳು ತಮ್ಮ ಅಂಕೆಗಳಲ್ಲಿ ಕೆಲವನ್ನು ಬಹಿರಂಗವಾಗಿ ಹೋಲಿಸಿ ನೋಡಿದರೆ ಸಾಕು, ಕದ್ದು ಕೇಳಿದುದು ಬಯಲಾಗುತ್ತದೆ. ಆ ಕೀಲಿಯನ್ನು ತ್ಯಜಿಸಿ ಹೊಸತೊಂದನ್ನು ಮಾಡಿಕೊಳ್ಳುತ್ತಾರೆ. ಕಣದ ಪ್ರತಿಯೊಂದನ್ನು ಮಾಡಿಟ್ಟುಕೊಂಡು ಆಮೇಲೆ ನಿಧಾನವಾಗಿ ನೋಡೋಣವೆಂಬ ಉಪಾಯವೂ ಕಳ್ಳನಿಗೆ ನಡೆಯದು. ಅಜ್ಞಾತವಾದ ಕ್ವಾಂಟಂ ಸ್ಥಿತಿಯನ್ನು ನಕಲಿಸುವುದು ಅಸಾಧ್ಯವೆಂದು 1982ರಲ್ಲಿ ವೂಟರ್ಸ್ ಮತ್ತು ಜುರೆಕ್ ಜೊತೆಯಾಗಿಯೂ ಡೀಕ್ಸ್ ಬೇರೆಯಾಗಿಯೂ ಸಾಧಿಸಿದ್ದರು. ಅರಗಿನ ಮುದ್ರೆಯನ್ನು ಜಾಣನು ಒಡೆದು ಮತ್ತೆ ಒತ್ತಬಹುದಿತ್ತು. ಈ ಮುದ್ರೆ ಹಾಗೆ ಒತ್ತಿಸಿಕೊಳ್ಳುವುದಿಲ್ಲ.

ಕ್ವಾಂಟಂ ಸಿದ್ಧಾಂತದ ಅನಿಶ್ಚಿತತೆಯನ್ನು ಅದುವರೆಗೆ ತತ್ತ್ವಜ್ಞರು ಮನುಷ್ಯನ ಜ್ಞಾನಕ್ಕೆ ಪ್ರಕೃತಿ ಹಾಕಿದ ಅಡ್ಡಗೋಡೆಯೆಂದು ಭಾವಿಸಿ ಕೊರಗಿದ್ದುಂಟು. ತಿಳಿಯಲಾಗದೆಂಬುದೇ ಇಲ್ಲಿ ಸೊತ್ತಾಯಿತು. ಈ ತಿರುವಿನ ಮಹತ್ತ್ವವನ್ನು ಅರಿಯಲು ಲೋಕಕ್ಕೆ ಕೆಲವು ವರ್ಷಗಳು ಬೇಕಾದುವು. ಕೇವಲ ಕಾಗದದ ಮೇಲಿನ ಮಾತಲ್ಲವೆಂದು ತೋರಿಸಲು 1989ರಲ್ಲಿ ಬೆನೆಟ್, ಬ್ರಸ್ಸಾರ್ ಮತ್ತು ಅವರ ಸಂಗಡಿಗರು ಐಬಿಎಂ ಸಂಸ್ಥೆಯ ಪ್ರಯೋಗಾಲಯದಲ್ಲಿ ಯಂತ್ರವೊಂದನ್ನು ನಿರ್ಮಿಸಿದರು. ಅದರಲ್ಲಿ ಕೀಲಿ ಚಲಿಸಿದ ದೂರ ಸುಮಾರು 30 ಸೆಂಟಿಮೀಟರು. ಧ್ರುವೀಕರಣವನ್ನು ಬದಲಾಯಿಸುವ ವಿದ್ಯುತ್ ಸಲಕರಣೆ ಒಂದೊಂದು ದಿಕ್ಕಿಗೆ ಒಂದೊಂದು ಬಗೆಯ ಸದ್ದು ಮಾಡುತ್ತಿದ್ದುದರಿಂದ, ಕದ್ದು ಕೇಳುವವನು ಕಿವುಡನಾಗಿದ್ದರೆ ಮಾತ್ರ ತಮ್ಮ ಯಂತ್ರ ಸುರಕ್ಷಿತವೆಂದು ಬ್ರಸ್ಸಾರ್ ಅನಂತರ ನಗೆಯಾಡಿದರು. 1994ರಲ್ಲಿ ಪೀಟರ್ ಶೋರ್ ಎಂಬವರು, ಕ್ವಾಂಟಂ ನಿಯಮದಿಂದ ನಡೆಯುವ ಗಣಕವೊಂದು ಸಿದ್ಧವಾದರೆ ದೊಡ್ಡ ಸಂಖ್ಯೆಗಳನ್ನು ಅದು ಕಡಮೆ ಕಾಲದಲ್ಲಿಯೇ ಅಪವರ್ತಿಸಬಲ್ಲುದೆಂದು ಸಿದ್ಧಪಡಿಸಿದ ಮೇಲೆ, ಬ್ಯಾಂಕುಗಳು ನಂಬಿದ್ದ ಗಣಿತದ ಗೋಡೆಗೆ ಬಿರುಕಿನ ಭಯ ಹುಟ್ಟಿತು. ಬೆಂಗಳೂರಿನ ಐದು ಪುಟಗಳನ್ನು ಜನ ಹುಡುಕಿ ಓದತೊಡಗಿದರು. 2004ರ ಏಪ್ರಿಲಿನಲ್ಲಿ ವಿಯೆನ್ನಾ ನಗರದಲ್ಲಿ ಆಂಟನ್ ಜೈಲಿಂಗರ್ ಅವರ ತಂಡವು, ಒಂದರ ಸ್ಥಿತಿ ಇನ್ನೊಂದರೊಡನೆ ಹೆಣೆದುಕೊಂಡ ಅವಳಿ ಫೋಟಾನುಗಳಿಂದ ಪಡೆದ ಕೀಲಿಯ ಕಾವಲಿನಲ್ಲಿ ಬ್ಯಾಂಕಿನ ಹಣದ ವರ್ಗಾವಣೆಯೊಂದನ್ನು ನಡೆಸಿ ತೋರಿಸಿತು. ನೋಟಿನಿಂದ ಹುಟ್ಟಿದ ವಿಚಾರ ಹೀಗೆ ಬ್ಯಾಂಕಿಗೇ ಮರಳಿತು.

ಕರ್ನಾಟಕದ ಪಾಲು ಆ ಒಂದು ಸಮ್ಮೇಳನದೊಡನೆ ಮುಗಿಯಲಿಲ್ಲ. ಪಂಚರತ್ನಂ ಇದ್ದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿಯೇ ಪ್ರೊ. ಉರ್ಬಸಿ ಸಿನ್ಹಾ ಅವರ ಪ್ರಯೋಗಾಲಯವು ಇಸ್ರೋದ ಸಹಯೋಗದಲ್ಲಿ, ಉಪಗ್ರಹದ ಮೂಲಕ ಕ್ವಾಂಟಂ ಕೀಲಿಯನ್ನು ಹಂಚುವ ಗುರಿಯಿರಿಸಿಕೊಂಡು ಕೆಲಸ ಮಾಡುತ್ತಿದ್ದು, 2021ರಲ್ಲಿ ತನ್ನ ಆವರಣದ ಎರಡು ಕಟ್ಟಡಗಳ ನಡುವೆ ಬಯಲು ಗಾಳಿಯಲ್ಲಿ ಕೀಲಿಯನ್ನು ರವಾನಿಸಿತು. ಅದೇ ವರ್ಷ ಇಸ್ರೋ ಅಹಮದಾಬಾದಿನಲ್ಲಿ 300 ಮೀಟರುಗಳ ಅಂತರಕ್ಕೆ ಇಂಥ ಪ್ರಯೋಗವನ್ನು ನಡೆಸಿತು. 2023ರ ಏಪ್ರಿಲಿನಲ್ಲಿ ಕೇಂದ್ರ ಸರಕಾರವು 6003.65 ಕೋಟಿ ರೂಪಾಯಿಗಳ ರಾಷ್ಟ್ರೀಯ ಕ್ವಾಂಟಂ ಅಭಿಯಾನಕ್ಕೆ ಸಮ್ಮತಿಯಿತ್ತಿತು. ಅದರಡಿಯಲ್ಲಿ ಕ್ವಾಂಟಂ ಗಣಕದ ಕೇಂದ್ರವನ್ನು ನಡೆಸುವ ಹೊಣೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದಿದೆ.

ಉಪಗ್ರಹವೇ ಏಕೆ ಬೇಕೆಂದು ಓದುಗರು ಕೇಳಬಹುದು. ಮಂಗಳೂರಿನಿಂದ ಬೆಂಗಳೂರಿಗೆ ಸುಮಾರು 350 ಕಿಲೋಮೀಟರು. ಇಂದು ಸಾಮಾನ್ಯವಾಗಿ ಬಳಸುವ ಒಳ್ಳೆಯ ಗಾಜಿನ ತಂತುವಿನಲ್ಲಿಯೂ ಬೆಳಕು ದಾರಿಯುದ್ದಕ್ಕೂ ಸವೆಯುತ್ತಲೇ ಹೋಗುವುದರಿಂದ, ಇಷ್ಟು ದೂರವನ್ನು ಕ್ರಮಿಸುವ ಹೊತ್ತಿಗೆ ಕಳುಹಿದ ಒಂದು ಕೋಟಿ ಫೋಟಾನುಗಳಲ್ಲಿ ಸರಿಸುಮಾರು ಒಂದು ಮಾತ್ರ ಉಳಿದೀತು. ಸಾಮಾನ್ಯ ದೂರಸಂಪರ್ಕದಲ್ಲಿ ಅಲ್ಲಲ್ಲಿ ವರ್ಧಕಗಳನ್ನಿಟ್ಟು ಸಂಕೇತವನ್ನು ಬಲಪಡಿಸುತ್ತಾರೆ. ಬಲಪಡಿಸುವುದೆಂದರೆ ನಕಲಿಸುವುದೇ ಆದುದರಿಂದ ಇಲ್ಲಿ ಆ ಉಪಾಯ ಸಲ್ಲದು. ಕಳ್ಳನನ್ನು ತಡೆದ ನಿಯಮವೇ ಒಡೆಯನನ್ನೂ ತಡೆಯುತ್ತದೆ. ವಾಯುಮಂಡಲದ ದಪ್ಪವನ್ನು ದಾಟಿದ ಮೇಲೆ ಬಹುತೇಕ ಶೂನ್ಯದಲ್ಲಿಯೇ ಸಾಗುವ ಆಕಾಶಮಾರ್ಗ ಇದಕ್ಕೊಂದು ಪರಿಹಾರ. ಚೀನಾ ದೇಶವು 2016ರಲ್ಲಿ ಹಾರಿಸಿದ ಮೈಸಿಯಸ್ ಉಪಗ್ರಹವು ಆ ಮಾರ್ಗ ಸಾಧ್ಯವೆಂದು ತೋರಿಸಿತು. ಈ ನಡುವೆ ಗಣಿತಜ್ಞರೂ ಸುಮ್ಮನೆ ಕುಳಿತಿಲ್ಲ. ಕ್ವಾಂಟಂ ಗಣಕಕ್ಕೂ ಬಗ್ಗದಿರಬಹುದಾದ ಹೊಸ ಗೂಢಲಿಪಿಗಳ ಪ್ರಮಾಣಗಳನ್ನು ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯು 2024ರ ಆಗಸ್ಟಿನಲ್ಲಿ ಪ್ರಕಟಿಸಿದೆ. ಹೊಸ ತಂತುವೂ ಹೊಸ ಉಪಗ್ರಹವೂ ಬೇಕಿಲ್ಲದ ಆ ದಾರಿ ಬ್ಯಾಂಕುಗಳಿಗೆ ಹೆಚ್ಚು ಸುಲಭವೆನಿಸಿದರೆ ಅದು ಸಹಜ.

ಇಷ್ಟೆಲ್ಲ ಆದ ಮೇಲೂ ಮ್ಯಾನೇಜರನ ತಿಜೋರಿಯಲ್ಲಿದ್ದ ಹಳೆಯ ಪುಸ್ತಕದ ಕೆಲಸ ಸಂಪೂರ್ಣವಾಗಿ ಮುಗಿದುದಿಲ್ಲವೆಂಬುದನ್ನು ಗಮನಿಸಬೇಕು. ಜೋಡಿಗಳನ್ನು ಬಹಿರಂಗವಾಗಿ ಒಪ್ಪಿಸಿಕೊಳ್ಳುವ ಆ ದೂರವಾಣಿಯಲ್ಲಿ ಮಾತನಾಡುತ್ತಿರುವುದು ನಿಜವಾಗಿಯೂ ಬೆಂಗಳೂರಿನ ಶಾಖೆಯೇ, ಅಥವಾ ನಡುವೆ ಕುಳಿತು ಮಂಗಳೂರಿಗೆ ಬೆಂಗಳೂರಾಗಿ, ಬೆಂಗಳೂರಿಗೆ ಮಂಗಳೂರಾಗಿ ನಟಿಸುತ್ತಿರುವ ವಂಚಕನೇ ಎಂಬುದನ್ನು ಫೋಟಾನು ಹೇಳಲಾರದು. ಅದನ್ನು ನಿರ್ಣಯಿಸಬೇಕಾದರೆ ಇಬ್ಬರ ಬಳಿಯೂ ಮೊದಲೇ ಹಂಚಿಕೊಂಡ ಚಿಕ್ಕದೊಂದು ಗುಟ್ಟು ಇರಬೇಕು, ಅದರಿಂದ ಮಾತಿಗೆ ಒಂದು ಗುರುತಿನ ಸಂಖ್ಯೆಯನ್ನು ಲೆಕ್ಕಹಾಕಿ ಸೇರಿಸಬೇಕು, ಟಿ.ಟಿ.ಯ ಕೊನೆಗೆ ಅಧಿಕಾರಿಗಳು ಸೇರಿಸುತ್ತಿದ್ದ ಮೊತ್ತದ ಕುಲಕ್ಕೇ ಇದೂ ಸೇರಿದುದು. ಚಿಕ್ಕ ಗುಟ್ಟೊಂದಿದ್ದರೆ ಕ್ವಾಂಟಂ ವಿಧಾನವು ಅದನ್ನು ಬೇಕಾದಷ್ಟು ದೊಡ್ಡದಾಗಿ ಬೆಳೆಸಿಕೊಡುತ್ತದೆ. ಇಲ್ಲದ ಗುಟ್ಟನ್ನು ಹುಟ್ಟಿಸಿಕೊಡುವುದಿಲ್ಲ. 1989ರ ಯಂತ್ರದ ಸದ್ದು ಕಲಿಸಿದ ಪಾಠವೂ ಇದಕ್ಕೆ ಸಂವಾದಿಯಾದುದೇ: ಸೂತ್ರ ನಿರ್ದುಷ್ಟವಾಗಿದ್ದರೂ ಅದನ್ನು ನಡೆಸುವ ಉಪಕರಣವನ್ನು ಮಾಡಿದವನೂ ಕಾಯುವವನೂ ಮನುಷ್ಯನೇ.

2013ರ ಜುಲೈಯಲ್ಲಿ ಭಾರತದ ತಂತಿ ಸೇವೆ ನಿಂತಿತು. 2019ರಲ್ಲಿ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿಯೂ, 2020ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ಲೀನವಾದುವು. ಸಂಕೇತದ ಪುಸ್ತಕಗಳನ್ನು ಕಂಡ ಕಣ್ಣುಗಳೂ ಈಗ ವಿರಳವಾಗುತ್ತಿವೆ. ಕನ್ನಡ ಕರಾವಳಿಯ ಬ್ಯಾಂಕಿಂಗ್ ಚರಿತ್ರೆಯನ್ನು ಇನ್ನು ಮುಂದೆ ಬರೆಯುವವರು ಶಾಖೆ, ಠೇವಣಿ, ಲಾಭಾಂಶಗಳ ಲೆಕ್ಕದ ಜೊತೆಗೆ ಈ ಗುಟ್ಟಿನ ವ್ಯವಹಾರವನ್ನೂ, ಅದನ್ನು ನಿರ್ವಂಚನೆಯಿಂದ ನಡೆಸಿದವರ ಅನುಭವವನ್ನೂ ಕೇಳಿ ಬರೆದಿರಿಸುವುದು ಒಳಿತು. ಕರ್ನಾಟಕದ ವಿಜ್ಞಾನ ಚರಿತ್ರೆಯನ್ನು ಬರೆಯುವವರಾದರೋ ರಾಮನ್ನರ 1928ರ ಉಪನ್ಯಾಸದ ಪಕ್ಕದಲ್ಲಿಯೇ 1984ರ ಐದು ಪುಟಗಳಿಗೂ ಸ್ಥಾನ ಕೊಡತಕ್ಕದ್ದು. ಈ ಎರಡು ಚರಿತ್ರೆಗಳನ್ನು ಒಟ್ಟಿಗಿಟ್ಟು ಓದಿದವನಿಗೆ, ಇನ್ನು ಮುಂದೆ ಬರಲಿರುವ ಕ್ವಾಂಟಂ ಜಾಲಗಳಿಗಾಗಿ ನಾವು ಮಾಡಬೇಕಾದ ವೆಚ್ಚದಲ್ಲಿ ಯಂತ್ರಕ್ಕೆ ಎಷ್ಟು ಪಾಲೋ, ಅದರ ಎರಡು ತುದಿಗಳಲ್ಲಿ ಕುಳಿತುಕೊಳ್ಳುವವರ ಶಿಕ್ಷಣಕ್ಕೂ ಅಷ್ಟೇ ಪಾಲು ಸಲ್ಲಬೇಕೆಂಬುದು ಬೇರೆಯಾಗಿ ಹೇಳದೆಯೇ ಮನದಟ್ಟಾಗುತ್ತದೆ.